ಶ್ರೀ ಹಚ್ಚಿದ ಫೈಲುಗಳು

ಆ ಸೋಮವಾರದ ನನ್ನ ದಿನಚರಿ ಒಂದೇ ಸಾಲು: ಬಸ್ಸು ತಡ, ಸೊಂಟ ನೋವು, ಮಾಲೇಗಾಂವದ ಫೈಲುಗಳು ಹೋದವು.

ಯೂನಿಕೋಡ್ ಎಂಬ ಹೆಸರನ್ನು ನಮ್ಮ ಕಡೆ ಯಾರೂ ಇನ್ನೂ ಕೇಳಿರದ ತೊಂಬತ್ತರ ದಶಕ. ನಾಸಿಕದ ನಮ್ಮ ಚಿಕ್ಕ ಕಚೇರಿಯಲ್ಲಿ ಬಾಡಿಗೆಯ ಯುನಿಕ್ಸ್ ಯಂತ್ರವಿತ್ತು. ಮಾಲೇಗಾಂವ್, ಸಿನ್ನರ್‌ಗಳ ಕಾರ್ಮಿಕರ ಕಿವಿ ತಪಾಸಣೆಯ ವಿವರಗಳನ್ನು, ಕಚೇರಿಯವರೆಲ್ಲ ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದ ಟೈಪಿಸ್ಟ್ ಅದರಲ್ಲಿ ಮರಾಠಿಯಲ್ಲಿ ಟೈಪು ಮಾಡುತ್ತಿದ್ದರು. ಹುಬ್ಬಳ್ಳಿಯವರು; ಗಂಡನ ಬ್ಯಾಂಕ್ ವರ್ಗಾವಣೆಯಿಂದ ಇಲ್ಲಿಗೆ ಬಂದವರು. ಆ ಮಳೆಗಾಲವಿಡೀ ಅದೇ ಕೆಲಸ. ಮೇಲೆ ಶ್ರೀ ಬರೆಯದೆ ಯಾವ ಕಾಗದಕ್ಕೂ ಕೈಹಚ್ಚದ ಅವರು ಫೈಲಿನ ಹೆಸರಿಗೂ ಮೊದಲು ಶ್ರೀ ಹಚ್ಚುತ್ತಿದ್ದರು: ಶ್ರೀ, ನಂತರ ಊರು, ನಂತರ ಕಾರ್ಖಾನೆ.

ಅವನ್ನು ಡಾಸ್ ಯಂತ್ರಕ್ಕೆ ಸಾಗಿಸುವ ಸಿ ಪ್ರೋಗ್ರಾಂ ನನ್ನದು. ಆ ಸೋಮವಾರ ಫ್ಲಾಪಿಗಳನ್ನು ಹೊತ್ತು ಔರಂಗಾಬಾದಿಗೆ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರಕ್ಕೆ ಹೋದೆ. ವಿವರಗಳನ್ನು ತಮ್ಮ ಡಾಸ್ ಯಂತ್ರಕ್ಕೆ ಹಾಕಿಕೊಳ್ಳಬೇಕಿದ್ದ ಅಲ್ಲಿಯ ಸರ್ಕಾರಿ ಅಧಿಕಾರಿ ವಿಜಾಪುರದವರು. ಪರದೆ ನೋಡಿ ನಕ್ಕರು.

“ಏನ್ರೀ, ಊರಿಗೊಂದಽ ಫೈಲ್ ಐತಲ್ಲ? ಉಳದದ್ದು ಬಸ್‌ಸ್ಟ್ಯಾಂಡಿನ್ಯಾಗ ಮಾರಿ ಬಂದ್ರೇನು?”

ಡಾಸ್ ಫೈಲಿನ ಹೆಸರಿಗೆ ಕೊಡುವುದು ಎಂಟೇ ಅಕ್ಷರದ ಮನೆ. ಮರಾಠಿಯ ಒತ್ತಿನ ಗುರುತು, ಕಾಗುಣಿತಗಳೂ ಒಂದೊಂದು ಮನೆ ಹಿಡಿಯುತ್ತವೆ. ಶ, ಒತ್ತಿನ ಗುರುತು, ರ, ಈಕಾರ: ಶ್ರೀ ಒಂದೇ ನಾಲ್ಕನ್ನು ನುಂಗಿತ್ತು. ಮಾಲೇಗಾಂವದ ಎಲ್ಲ ಫೈಲುಗಳೂ ‘ಶ್ರೀಮಾಲೇ’ ಆಗಿ, ಒಂದರ ಮೇಲೊಂದು ಬಿದ್ದು, ಕೊನೆಯದಷ್ಟೇ ಉಳಿದಿತ್ತು.

ಯುನಿಕ್ಸ್ ಯಂತ್ರವನ್ನು ಅಂದೇ ಹಿಂದಿರುಗಿಸಬೇಕಿತ್ತು. ಅದಕ್ಕೂ ಮೊದಲು ಅದರ ಡಿಸ್ಕ್ ಅಳಿಸುವ ಕೆಲಸ ವೈನಿಯದು. ಎಸ್‌ಟಿಡಿ ಬೂತಿಗೆ ಓಡಿದೆ.

“ವೈನಿ, ಥಾಂಬಾ! ಏನೂ ಅಳಸಬ್ಯಾಡ್ರಿ!”

“ಅಯ್ಯ, ಮಾಲೇಗಾಂವ್ ಮುಂಜಾನೇನಽ ಅಳಸೀನಿ. ಸಿನ್ನರ್ ಅಷ್ಟಽ ಉಳದೈತಿ. ಯಾಕ?”

ಹೇಳಿದೆ.

“ಕಾಗದಾ ಕಪಾಟಿನ್ಯಾಗ ಅದಾವ. ನೀವ್ ಬಂದು ಓದಿ ಹೇಳ್ರಿ, ಮತ್ತ ಹೊಡೀತೀನಿ.”

ಯಂತ್ರದ ಮಾಲೀಕನನ್ನು ಬೇಡಿಕೊಂಡು ಇನ್ನೊಂದು ವಾರ ಇಟ್ಟುಕೊಂಡೆವು. ಮರುದಿನ ಮೆಲ್ಲಗೆ ಕೇಳಿದೆ: “ಈ ಸಲ ಶ್ರೀ ಬಿಟ್ಟರ ನಡೀತೈತೇನ್ರಿ?”

“ಮಳಿಗಾಲ ಪೂರಾ ಹೋತು, ಇನ್ನ ಶ್ರೀನೂ ಕಸಗೋತೀರೇನು? ನಿಮ್ಮ ಪ್ರೋಗ್ರಾಮಿಗೆ ಬುದ್ಧಿ ಹೇಳ್ರಿ.”

ಹೇಳಿದೆ. ಫೈಲಿಗೆ ಬರೀ ಅಂಕಿಯ ಹೆಸರು ಕೊಟ್ಟು, ಅವರಿಟ್ಟ ಪೂರ್ತಿ ಹೆಸರನ್ನು ಒಳಗಿನ ಮೊದಲ ಸಾಲಾಗಿಸುವಂತೆ ತಿದ್ದಿದೆ. ಸಿನ್ನರಿನವು ಎಲ್ಲವೂ ಒಂದೂ ಕಳೆಯದೆ ಫ್ಲಾಪಿಗೆ ದಾಟಿದವು. ಒಂದನ್ನು ತೆರೆದಾಗ ಪರದೆಯ ತಲೆಯಲ್ಲಿ ನಿಂತ ಶ್ರೀಯನ್ನು ವೈನಿ ನೋಡಿದರು. ಬೆರಳುಗಳ ಲಟಿಕೆ ಮುರಿದು, ಮಾಲೇಗಾಂವದ ಕಾಗದದ ಕಟ್ಟನ್ನು ನನ್ನ ಕಡೆ ತಳ್ಳಿದರು.

“ಚಲಾ, ಓದ್ರಿ.”