ಸೋಮವಾರ ಹೂಡದ ಸರ್ವರ್

ನನ್ನ ಮನೆಯ ಸರ್ವರ್‌ಗೆ ಸೋಮವಾರ ರಜೆ. ಈ ಕೆಲಸ ಬಲ್ಲವರಿಗೆ ಇದನ್ನು ಹೇಳಿದರೆ ನಗುತ್ತಾರೆ. ಸರ್ವರ್ ಎಂದರೆ ಹಗಲಿರುಳೂ ಎಚ್ಚರವಾಗಿರಬೇಕಾದ ಯಂತ್ರ. ಅದನ್ನು ಆರಿಸದೆ ಎಷ್ಟು ಕಾಲ ನಡೆಸಿದೆವು ಎನ್ನುವುದೇ ನಮ್ಮ ಮಂದಿಯ ಜಂಬ. ಆ ಜಂಬ ನನಗೂ ಇತ್ತು, ಉಳಿದವರಿಗಿಂತ ಒಂದು ತೂಕ ಹೆಚ್ಚೇ ಇತ್ತು. ಅದು ಇಳಿದದ್ದು ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳಲ್ಲಿ, ರೋಣದ ನಮ್ಮ ಮನೆಯ ಪಡಸಾಲೆಯಲ್ಲಿ.

ಆಗ ನಾನು ಗಜೇಂದ್ರಗಡದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದೆ. ಬೆಳಿಗ್ಗೆ ಬಸ್ಸಿಗೆ ಹೋಗುವುದು, ಸಂಜೆ ಬಸ್ಸಿಗೆ ಬರುವುದು. ಹುಬ್ಬಳ್ಳಿಯಲ್ಲಿ ಯಾವುದೋ ಕಚೇರಿಯವರು ಬೇಡವೆಂದು ಹೊರಹಾಕಿದ್ದ ಕಂಪ್ಯೂಟರೊಂದನ್ನು ತಂದೆ. ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ.ಯಿಂದ ಅದಕ್ಕೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿ, ಸರ್ವರ್ ಮಾಡಿ, ಪಡಸಾಲೆಯ ಗೋಡೆಯಲ್ಲಿದ್ದ ದೊಡ್ಡ ಮಾಡದಲ್ಲಿ ಕೂರಿಸಿದೆ. ದಪ್ಪ ಮಣ್ಣಿನ ಗೋಡೆ, ತಂಪು ಜಾಗ. ಅದರ ಎದುರಿಗೇ, ಒಂದು ಕಟ್ಟೆಯಷ್ಟು ತಗ್ಗಿನಲ್ಲಿ, ಎತ್ತು ಕಟ್ಟುವ ಜಾಗ. ಹೀಗಾಗಿ ನಮ್ಮ ಮನೆಯಲ್ಲಿ ಎತ್ತುಗಳೂ ಈ ಸರ್ವರ್ ಯಂತ್ರವೂ ದಿನವಿಡೀ ಮುಖ ನೋಡಿಕೊಂಡೇ ಇರುತ್ತಿದ್ದವು.

ಮನೆಯ ಟೆಲಿಫೋನ್ ತಂತಿಯನ್ನು ಮೋಡೆಮ್ ಮೂಲಕ ಅದಕ್ಕೆ ಜೋಡಿಸಿದ್ದೆ. ಗಜೇಂದ್ರಗಡದ ಕಂಪ್ಯೂಟರಿನಿಂದ ಮನೆಯ ನಂಬರಿಗೆ ಫೋನು ಹಚ್ಚಿದರೆ ರೋಣದ ಮಾಡದಲ್ಲಿದ್ದ ಪೆಟ್ಟಿಗೆ ತಾನೇ ಫೋನೆತ್ತಿ, ನನ್ನ ಹೆಸರು ಕೇಳಿ, ಗುಟ್ಟಿನ ಪದ ಕೇಳಿ, ಒಳಗೆ ಬಿಟ್ಟುಕೊಳ್ಳುತ್ತಿತ್ತು. ಮೊದಲ ಸಲ ಅದು ಉತ್ತರ ಕೊಟ್ಟಾಗ ನನ್ನ ಮೈ ಜುಮ್ಮೆಂದಿತು. ಗುಡ್ಡದ ಬುಡದ ಊರಿನಲ್ಲಿ ಕೂತು ನಾನೊಂದು ಸಾಲು ಬರೆದರೆ ಅಲ್ಲಿ ನಮ್ಮ ಎತ್ತುಗಳ ಎದುರಿಗೆ ಡಿಸ್ಕು ತಿರುಗುತ್ತದೆ! ಒಮ್ಮೊಮ್ಮೆ ಮೋಡೆಮ್‌ಗಿಂತ ಮೊದಲು ಅವ್ವ ಫೋನೆತ್ತಿ, ಆ ಶಿಳ್ಳೆಯ ಸದ್ದಿಗೆ "ಯಾರ್ರಿ? ಸ್ವಲ್ಪ ಜೋರ್ ಮಾತಾಡ್ರಿ" ಎನ್ನುತ್ತಿದ್ದಳು. ಅವಳಿಗೆ ತಿಳಿಸಿ ಹೇಳುವುದರೊಳಗೆ ಸಾಕುಬೇಕಾಯಿತು.

ಲಿನಕ್ಸಿನ ಪುಟ್ಟ ಪುಟ್ಟ ಸಲಕರಣೆಗಳ ಮೇಲೆ ನನಗೆ ಹುಚ್ಚು ಪ್ರೀತಿ. ಒಂದು ಬರೀ ಹುಡುಕುತ್ತದೆ. ಒಂದು ಎರಡು ಬರಹಗಳನ್ನು ಪಕ್ಕಪಕ್ಕ ಇಟ್ಟು ವ್ಯತ್ಯಾಸ ತೋರಿಸುತ್ತದೆ. ಇನ್ನೊಂದು, ಹೇಳಿದ ಹೊತ್ತಿಗೆ ಹೇಳಿದ ಕೆಲಸ ಶುರುಮಾಡುತ್ತದೆ. ಯಾರೋ ಕಾಣದ ಊರಿನಲ್ಲಿ ಕೂತು ಇವನ್ನು ಬರೆದು, ಹೇಗೆ ಬಳಸಬೇಕೆಂದು ಜೊತೆಗೇ ತಿಳಿಸಿ, ತೆಗೆದುಕೊಂಡು ಹೋಗಿ ಎಂದು ಬಿಟ್ಟುಕೊಟ್ಟಿದ್ದಾರೆ. ಅದನ್ನು ನೆನೆದಾಗಲೆಲ್ಲ ನನಗೆ ಈಗಲೂ ಬೆರಗು.

ಅಪ್ಪನಿಗೆ ಇದಾವುದೂ ಬೇಕಿರಲಿಲ್ಲ. ಅಸೂಟಿಯ ದಾರಿಯಲ್ಲಿ ಹೊಲ, ಮನೆಯಲ್ಲಿ ಎತ್ತು, ಅವನ ಲೋಕ ಅಷ್ಟು. ಸೋಮವಾರ ಬಸವಣ್ಣನ ವಾರ, ಅಂದು ನಮ್ಮಲ್ಲಿ ಎತ್ತು ಹೂಡುವುದಿಲ್ಲ. ಎಂಥ ಅವಸರದ ಕೆಲಸವಿದ್ದರೂ ಅಪ್ಪ ಅಂದು ನೊಗ ಮುಟ್ಟಿದವನಲ್ಲ. ಎತ್ತಿನ ಮೈ ತೊಳೆದು ಸುಮ್ಮನೆ ಅವುಗಳ ಹತ್ತಿರ ಕೂರುತ್ತಿದ್ದ. ಹಾಗೆ ಕೂತಾಗಲೆಲ್ಲ ಎದುರಿಗಿದ್ದ ಸರ್ವರ್ ಅವನ ಕಣ್ಣು ಚುಚ್ಚುತ್ತಿತ್ತು.

"ಎತ್ತಿಗೆ ಸ್ವಾಮಾರ ಬಿಡ್ತೀವಿ. ಇದಕ್ಕ ಒಂದ ದಿನಾನೂ ಬಿಡುವಿಲ್ಲಂದ್ರ ಪಾಪ ಅಲ್ಲೇನವಾ?"

"ಅದು ಎತ್ತಲ್ಲಪ್ಪಾ, ಕಬ್ಬಿಣ."

"ಕಬ್ಬಿಣಕ್ಕೂ ಕಾವ ಏರತೈತಿ."

ಅಪ್ಪ ಮಗಳ ಈ ವಾದಕ್ಕೆ ಕೊನೆಯೇ ಇರಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಅಪ್ಪನಿಗೆ ಹಿಡಿದದ್ದೇ ಹಟ. ಇಬ್ಬರ ನಡುವೆ ನಕ್ಕು ನಗಿಸಿ ಮಾತು ತಿರುಗಿಸುತ್ತಿದ್ದವನು ಚಾಚಾ.

ಚಾಚಾ ನಮ್ಮ ಓಣಿಯಲ್ಲಿ ಗಾದಿ ಹೊಲಿಯುವವನು. ನರಗುಂದದಿಂದ ಹತ್ತಿ ತರಿಸಿ ಹಿಂಜಿ, ಸುತ್ತಲಿನ ಊರಿಗೆಲ್ಲ ಗಾದಿ ಮಾಡಿಕೊಡುತ್ತಿದ್ದ. ಅಪ್ಪನ ಜೀವದ ಗೆಳೆಯ. ಮೊಹರಂನಲ್ಲಿ ಹಾಡುವ ರಿವಾಯತ್ ಪದಗಳ ಮೇಳಕ್ಕೆ ಅವನೇ ಮುಖ್ಯ ಹಾಡುಗಾರ, ಅಪ್ಪ ಹಿಮ್ಮೇಳ. ಚಾಚಾ ಒಂದು ಸಾಲು ಎತ್ತಿಕೊಟ್ಟರೆ ಅಪ್ಪ ಅದನ್ನೇ ಹಿಡಿದು ತಿರುಗಿಸಿ ಹಾಡಬೇಕು. ಕರ್ಬಲಾದಲ್ಲಿ ಮಡಿದವರ ಕತೆ ಕೇಳುತ್ತಾ ವಿಭೂತಿ ಹಚ್ಚಿದ ನಮ್ಮಪ್ಪನ ಕಣ್ಣಲ್ಲಿ ನೀರು ಬರುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ.

ಆದರೆ ಚಾಚಾನ ಗಂಟಲಿಗೆ ರೋಗ ಬಂತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಕೊಯ್ದರು. ಜೀವ ಉಳಿಯಿತು, ದನಿ ಹೋಯಿತು. ಆಮೇಲೆ ಅವನ ಮಾತೆಲ್ಲ ಬರೀ ಉಸಿರು, ಹತ್ತಿರ ಕೂತರಷ್ಟೇ ಕೇಳಿಸುವಂಥದ್ದು. ಅವನು ಬಿಟ್ಟ ಮೇಲೆ ಅಪ್ಪನೂ ಮೇಳಕ್ಕೆ ಹೋಗುವುದನ್ನು ಬಿಟ್ಟ. ಕರೆಯಲು ಬಂದವರಿಗೆ, "ಅಂವಾ ಎತ್ತಿಕೊಡದಿದ್ರ ನಾ ಯಾರ ಪದ ಹಿಡೀಲಿ?" ಎಂದು ಹೇಳಿ ಕಳಿಸಿದ.

ಚಾಚಾನ ದನಿ ಉಳಿದದ್ದು ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ. ಹಿಂದೊಮ್ಮೆ ಚಿಕ್ಕನರಗುಂದದ ಶಿಷ್ಯನಿಗೆ ಕಲಿಸಲೆಂದು ತನ್ನ ಅಂಗಡಿಯಲ್ಲಿ ಒಬ್ಬನೇ ಕೂತು ಹಾಡಿ ತುಂಬಿದ್ದ. ಅದನ್ನು ಸರ್ವರ್‌ಗೆ ಇಳಿಸಿಕೊಡು ಎಂದು ನನಗೆ ತಂದುಕೊಟ್ಟ. ಇಳಿಸುವುದೇನೋ ಆಯಿತು. ತೆಗೆಯುವಾಗ ನಮ್ಮ ಮುದಿ ಟೇಪ್ ರೆಕಾರ್ಡರ್ ರೀಲನ್ನು ಜಗಿದು ಚಿಂದಿ ಮಾಡಿತು. ನಾನು ಅಳುವುದೊಂದು ಬಾಕಿ. ಚಾಚಾ ನನ್ನ ಭುಜ ತಟ್ಟಿ, "ಇರ್ಲಿ ಬಿಡ ಬೇಟಾ, ಈಗ ನಿನ್ನ ಪೆಟಗಿಯೊಳಗ ಬಂತಲ್ಲ" ಎಂದು ಉಸುರಿದ.

ಆ ವರ್ಷ ಮೊಹರಂ ಬಿರುಬೇಸಿಗೆಯ ಬಾಯಲ್ಲೇ ಬಂತು. ಮೇಳಕ್ಕೆ ಹೊಸದಾಗಿ ಸೇರಿದ ಹಾಡುಗಾರ ಚಾಚಾನ ಆ ಪದ ಕಲಿಯಲು ಮನೆಗೆ ಬರುವವನಿದ್ದ. ಹಲವು ಊರಿನ ಮೇಳಗಳ ಹಾಡುಗಳೂ ನನ್ನಲ್ಲಿ ಸೇರಿಕೊಂಡಿದ್ದವು. ಸೋಮವಾರ ಬೆಳಿಗ್ಗೆ ಗಜೇಂದ್ರಗಡದಿಂದ ಫೋನು ಹಚ್ಚಿ, ಎಲ್ಲವನ್ನೂ ಊರಿಗೊಂದು ಜಾಗ ಮಾಡಿ ಜೋಡಿಸಿಡು ಎಂದು ಸರ್ವರ್‌ಗೆ ಹೇಳಿ, ಪಾಠಕ್ಕೆ ಹೋದೆ. ತಿರುಗಿ ಬಂದು ಫೋನು ಹಚ್ಚಿದರೆ ಪೆಟ್ಟಿಗೆ ಎತ್ತಲಿಲ್ಲ. ಅವ್ವ ಎತ್ತಿದಳು.

"ಅದು ತೇಕಾಕತ್ತಿತ್ತವಾ, ಬುಸಬುಸ ಅಂತ. ನಿಮ್ಮಪ್ಪ ನೋಡಲಾರದ ವಾಯರ್ ಕಿತ್ತ. ಈಗ ತಣ್ಣಗ ಮಲಗೇತಿ."

ಸಿಕ್ಕ ಬಸ್ಸು ಹತ್ತಿದೆ. ಮನೆ ಮುಟ್ಟುವಾಗ ಮಧ್ಯಾಹ್ನದ ಬಿಸಿಲು ಅಂಗಳದಲ್ಲಿ ಬಿದ್ದಿತ್ತು. ಸರ್ವರ್‌ನ ಹಣೆಗೆ ಅಪ್ಪ ವಿಭೂತಿ ಎಳೆದಿದ್ದ. ಕರೆಂಟು ಹೋದರೂ ಇರಲಿ ಎಂದು ನಾನಿಟ್ಟ ಬ್ಯಾಟರಿಯ ವೈರನ್ನೂ ಕೀಳದೆ ಬಿಟ್ಟಿರಲಿಲ್ಲ. ಜೋಡಿಸಿ ಚಾಲೂ ಮಾಡಿದೆ. ಡಿಸ್ಕಿನ ವ್ಯವಸ್ಥೆ ಹದಗೆಟ್ಟಿದೆ ಎಂಬ ಸಾಲುಗಳು ಪರದೆಯ ಮೇಲೆ ಸಾಲುಗಟ್ಟಿದವು. ಹಾಡು ಇಟ್ಟ ಜಾಗವೆಲ್ಲ ಖಾಲಿ. ಸಾಗಿಸುವ ಕೆಲಸದ ನಟ್ಟನಡುವೆ ಅಪ್ಪ ವೈರು ಕಿತ್ತಿದ್ದ.

"ಏನ ಮಾಡಿದಿ ಅಪ್ಪಾ! ಚಾಚಾನ ದನಿ ಇದ್ದದ್ದ ಇದರಾಗ ಒಂದ!"

ನನ್ನ ಕೂಗು ಓಣಿಗೆಲ್ಲ ಕೇಳಿರಬೇಕು. ಅಪ್ಪನ ಮುಖ ಬಿಳಿಚಿತು. ಕಟ್ಟೆ ಇಳಿದು ಎತ್ತುಗಳ ನಡುವೆ ಹೋಗಿ, ನನಗೆ ಬೆನ್ನು ಮಾಡಿ ನಿಂತ. ಅಷ್ಟರಲ್ಲಿ ಚಾಚಾ ಬಂದ. ವಿಷಯ ತಿಳಿದು, ಪಡಸಾಲೆಯ ಕಂಬಕ್ಕೆ ಒರಗಿ ಕೂತ. ಅವನು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಡಿಸ್ಕು ದುರಸ್ತಿ ಮಾಡುವ ಸಲಕರಣೆಯೊಂದಿದೆ ಎಂದು ಓದಿದ್ದೆ, ಬಳಸಿರಲಿಲ್ಲ. ಎದೆ ಗಟ್ಟಿ ಮಾಡಿಕೊಂಡು ಓಡಿಸಿದೆ. ಇದನ್ನು ಸರಿಮಾಡಲೇ, ಅದನ್ನು ಸರಿಮಾಡಲೇ ಎಂದು ಕೇಳುತ್ತಾ ಹೋಯಿತು. ಹೌದು, ಹೌದು ಎನ್ನುತ್ತಾ ಹೋದೆ. ಮುಗಿದ ಮೇಲೆ ನೋಡಿದರೆ ಒಂದು ಜಾಗದಲ್ಲಿ ಕಡತಗಳ ರಾಶಿ. ಆ ಜಾಗದ ಹೆಸರೇ 'ಕಳೆದದ್ದು ಮತ್ತು ಸಿಕ್ಕಿದ್ದು'. ಹೆಸರು, ವಿಳಾಸ ಕಳೆದುಕೊಂಡ ಎಲ್ಲವನ್ನೂ ಆ ಸಲಕರಣೆ ಹೆಕ್ಕಿ ತಂದು, ಬರೀ ಅಂಕಿ ಹಚ್ಚಿ ಅಲ್ಲಿ ಇಟ್ಟಿತ್ತು. ಎಲ್ಲಿಯೋ ಕೂತು ಇದನ್ನು ಬರೆದವರಿಗೆ ರೋಣ ಗೊತ್ತಿಲ್ಲ, ನಮ್ಮ ಸೋಮವಾರ ಗೊತ್ತಿಲ್ಲ. ಆದರೂ ಒಂದು ದಿನ ಯಾರೋ ಒಬ್ಬರು ಮರುಕ ಪಟ್ಟು ವೈರು ಕಿತ್ತಾರು ಎಂದು ಮೊದಲೇ ತಿಳಿದು, ನಮ್ಮಪ್ಪನಿಗಾಗಿಯೇ ಈ ಜಾಗ ಕಾದಿಟ್ಟಿದ್ದಾರೆ ಎನ್ನಿಸಿತು. ಕೈ ಮುಗಿಯಬೇಕೆನ್ನಿಸಿತು, ಮುಗಿದೆ ಕೂಡ.

ಒಡಲು ಮುಟ್ಟಿ ನೋಡಿ ಇದು ಹಾಡು, ಇದು ಬರಹ ಎಂದು ಹೇಳುವ ಇನ್ನೊಂದು ಸಲಕರಣೆಯಿಂದ ಹಾಡುಗಳನ್ನು ಆರಿಸಿದೆ. ಒಂದೊಂದಾಗಿ ಹಚ್ಚಿದೆ. ಪುರ್ತಗೇರಿಯ ಮೇಳ ಬಂತು, ಮತ್ತೊಂದು ಊರಿನದು ಬಂತು, ಎಲ್ಲವೂ ತಾಳದ ಗದ್ದಲ ತುಂಬಿದ್ದವು. ಪ್ರತಿ ಸಲ ಚಾಚಾ ಇದಲ್ಲ ಎಂದು ತಲೆಯಾಡಿಸಿದ. ಅಪ್ಪ ತಿರುಗಿ ನೋಡಲಿಲ್ಲ.

ಆಮೇಲೆ ಹಚ್ಚಿದ್ದರಲ್ಲಿ ಮೊದಲು ಒಂದು ಕೆಮ್ಮು ಕೇಳಿಸಿತು. ಚಾಚಾ ನೆಟ್ಟಗೆ ಕೂತ. ತುಂಬು ದನಿಯೊಂದು ಪಡಸಾಲೆ ತುಂಬ ಎದ್ದಿತು, ಎತ್ತುಗಳು ಕಿವಿ ನಿಮಿರಿಸಿದವು. ಒಂದು ಸಾಲು ಹಾಡಿ ದನಿ ನಿಂತಿತು. ಬರೀ ಮೌನ. ಆ ಮೌನದಲ್ಲಿ ತೊಡೆಯ ಮೇಲೆ ತಾಳ ತಟ್ಟುವ ಸದ್ದು. ಆಮೇಲೆ ಮುಂದಿನ ಸಾಲು, ಮತ್ತೆ ಮೌನ. ಹಾಡಿನ ತುಣುಕುಗಳು ಬಿದ್ದುಹೋಗಿವೆ ಎಂದುಕೊಂಡೆ. ಮರುಗಳಿಗೆ ತಿಳಿಯಿತು, ಏನೂ ಬಿದ್ದಿಲ್ಲ. ಒಬ್ಬನೇ ಕೂತು ಹಾಡುವಾಗಲೂ ಚಾಚಾ ಹಿಮ್ಮೇಳದ ಜಾಗ ಬಿಟ್ಟೇ ಹಾಡಿದ್ದ.

ಮತ್ತೊಂದು ಸಾಲು ಮುಗಿಯಿತು. ತಾಳ ತಟ್ಟುತ್ತಿತ್ತು. ಎತ್ತುಗಳ ನಡುವಿನಿಂದ ಒಂದು ಒಡಕು ದನಿ ಆ ಸಾಲನ್ನು ಹಿಡಿಯಿತು. ಅಪ್ಪ. ಗೋಡೆಯ ಕಡೆ ಮುಖ ಮಾಡಿಯೇ ಹಾಡುತ್ತಿದ್ದ. ಅವನು ತಿರುಗಿಸಿ ಮುಗಿಸುವುದಕ್ಕೂ ಮಾಡದಿಂದ ಮುಂದಿನ ಸಾಲು ಏಳುವುದಕ್ಕೂ ಸರಿಹೋಯಿತು, ಎಳ್ಳಷ್ಟೂ ಹೆಚ್ಚುಕಮ್ಮಿ ಇಲ್ಲ. ಅವ್ವ ಬಾಗಿಲಲ್ಲೇ ಸೆರಗು ಬಾಯಿಗೆ ಹಿಡಿದು ನಿಂತಳು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಚಾಚಾ ಎದ್ದು ಕಟ್ಟೆಯ ಅಂಚಿಗೆ ಬಂದು ಅಪ್ಪನ ಬೆನ್ನ ಮೇಲೆ ಕೈಯಿಟ್ಟ. ಸರ್ವರ್‌ನ ಒಳಗಿನ ತನ್ನ ದನಿಯ ಕಡೆ ಗೋಣು ತಿರುಗಿಸಿ, ಅಪ್ಪನಿಗೆ ಉಸಿರಿನಲ್ಲಿ ಹೇಳಿದ:

"ಈಗ ಬಂದ್ಯಾ? ಅಂವಾ ಆವಾಗಿಂದ ನಿನ್ನ ಹಾದಿ ಕಾಯಾಕತ್ತಾನಲ್ಲೋ."

ಮುಂದಿನ ಸಾಲು ಬಂದಿತ್ತು, ಅಪ್ಪ ಅದನ್ನು ಹಿಡಿಯಬೇಕಿತ್ತು.