ಬಳ್ಳಿ ಕಟ್ಟದ ಮರ

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವ. ಬೆಳುವಾಯಿ ಹತ್ತಿರದ ಕೋರೆಯಲ್ಲಿ ಮನೆ ಕಟ್ಟುವ ಕೆಂಪು ಮುರಕಲ್ಲು ಹೊತ್ತು, ಆಮೇಲೆ ಗೋಡೆ ಕಟ್ಟಲು ಕಲಿತು, ಮೇಸ್ತ್ರಿಯಾದೆ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ನಾನು ಕಟ್ಟಿದ ಮನೆಗಳು ಉಂಟು, ಒಂದರ ಗೋಡೆಯೂ ಇವತ್ತಿನವರೆಗೆ ಬಿರಿದಿಲ್ಲ. ಜಂಬ ಎಂದು ಯಾರಾದರೂ ತಿಳಿದುಕೊಂಡರೆ ತಿಳಿದುಕೊಳ್ಳಲಿ. ಆದರೆ ಈಗ ಬರೆಯಲು ಕುಳಿತದ್ದು ಗೋಡೆಯ ಬಗ್ಗೆ ಅಲ್ಲ. ನನ್ನ ಅಮ್ಮ ಐವತ್ತು ವರ್ಷ ದುಡಿದು ಗಳಿಸಿದ ಹೆಸರನ್ನು ನಾನು ಒಂದು ಬೆಳಿಗ್ಗೆ ಹಾಳು ಮಾಡಿದ ಬಗ್ಗೆ.

ಅಮ್ಮ ಲಾಯಿಲದಿಂದ ಮದುವೆಯಾಗಿ ನಮ್ಮ ಊರಿಗೆ ಬಂದವಳು. ಅವಳಿಗೆ ಮೂವತ್ತೊಂದು ತುಂಬಿದಾಗ ಅಪ್ಪ ಬಾವಿ ತೋಡುತ್ತಿದ್ದಲ್ಲಿ ಮಣ್ಣು ಜರಿದು ಸತ್ತರು. ಮಕ್ಕಳೆಂದರೆ ನಾನು ಮತ್ತು ತಂಗಿ. ಗಂಡ ಸತ್ತವಳು ಮಕ್ಕಳನ್ನು ಕರೆದುಕೊಂಡು ತನ್ನ ತಾಯಿಮನೆಗೆ ಹೋಗುವುದು ನಮ್ಮಲ್ಲಿ ಹೊಸತೇನಲ್ಲ. ಅಪ್ಪನ ಅಣ್ಣ ಬಂದು ಅದನ್ನೇ ಹೇಳಿದರು. ಅಮ್ಮ ಅಂಗಳದಲ್ಲಿ ನಿಂತು, "ಗದ್ದೆಗೆ ಅರ್ಧ ನೇಜಿ ನೆಟ್ಟಾಗಿದೆ ಭಾವ. ಉಳಿದರ್ಧ ಯಾರು ನೆಡುವುದು?" ಎಂದು ಕೇಳಿದಳಂತೆ. ದೊಡ್ಡಪ್ಪ ಬಂದ ದಾರಿಯಲ್ಲೇ ಹಿಂದೆ ಹೋದರು. ಅವಳು ಉಳಿದಳು, ಸಾಯುವವರೆಗೂ ಉಳಿದಳು. ಹಗಲು ಗದ್ದೆ, ಸಂಜೆ ಸೂಪು ಎನ್ನುವ ಬೀಡಿಯ ಮೊರ ಮಡಿಲಲ್ಲಿ. ಕೈ ಬೀಡಿ ಸುತ್ತುತ್ತಿರುವಾಗಲೇ ತಂಗಿಗೆ ಮಗ್ಗಿ ಕಲಿಸುತ್ತಿದ್ದಳು, ತಾನು ಒಂದು ದಿನವೂ ಶಾಲೆಗೆ ಹೋಗದವಳು. ಕೇಳಿ ಕೇಳಿ ಬಾಯಿಪಾಠ ಆಗಿತ್ತು.

ಅವಳಿಗೆ ಮದ್ದಿನ ಕೈ ಇತ್ತು. ಕೆಪ್ಪಟೆಗೆ, ಸರ್ಪಸುತ್ತಿಗೆ, ಬಾಣಂತಿಯರ ಬೆನ್ನುನೋವಿಗೆ ಜನ ಹುಡುಕಿಕೊಂಡು ಬರುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ದಿನ ಆಷಾಢದ ಮಳೆಯಲ್ಲಿ ಬರುವ ಆಟಿ ಅಮಾವಾಸ್ಯೆ. ಆ ದಿನ ಪಾಲೆ ಮರದ ತೊಗಟೆಯ ಕಷಾಯ ಖಾಲಿ ಹೊಟ್ಟೆಗೆ ಕುಡಿದರೆ ವರ್ಷವಿಡೀ ಕಾಯಿಲೆ ಹತ್ತಿರ ಬರುವುದಿಲ್ಲ ಎಂದು ನಂಬಿಕೆ. ಸೂರ್ಯ ಮೂಡುವ ಮೊದಲು ಹೋಗಬೇಕು, ದೀಪ ಹಿಡಿಯಬಾರದು, ಕಬ್ಬಿಣ ತಾಗಿಸಬಾರದು, ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು. ಇದು ಗಂಡಸರ ಕೆಲಸ. ನಮ್ಮ ಮನೆಯಲ್ಲಿ ಗಂಡಸು ಇಲ್ಲದ್ದರಿಂದ ಅಮ್ಮನೇ ಹೋಗುತ್ತಿದ್ದಳು. ಸುತ್ತಿನ ಏಳೆಂಟು ಮನೆಯವರು ತಮ್ಮ ಮನೆಯ ಗಂಡಸರನ್ನು ಬಿಟ್ಟು ಅಮ್ಮ ತಂದ ತೊಗಟೆಗೇ ಕಾಯುತ್ತಿದ್ದರು.

ಕಾರಣ ಉಂಟು. ಪಾಲೆಯ ಪಕ್ಕದಲ್ಲೇ ಕಾಸರಕದ ಮರವೂ ಬೆಳೆಯುತ್ತದೆ. ಅದು ವಿಷ. ಕತ್ತಲೆಯಲ್ಲಿ ಎರಡೂ ಬರೀ ಮರ. ಅಮ್ಮ ಹಿಂದಿನ ದಿನ ಬೆಳಕಿರುವಾಗಲೇ ಹೋಗಿ, ಎಲೆ ನೋಡಿ, ಕಾಂಡಕ್ಕೆ ಒಂದು ಕಾಡುಬಳ್ಳಿ ಸುತ್ತಿ ಬರುತ್ತಿದ್ದಳು. ಮಾರನೇ ದಿನ ಬಳ್ಳಿ ಕೈಗೆ ತಾಗಿದರೆ ಮಾತ್ರ ಕಲ್ಲು ಎತ್ತುವುದು. ಕಷಾಯವನ್ನು ಮೊದಲು ತಾನು ಕುಡಿದು, ಒಂದು ಎಲೆಯಡಿಕೆ ಜಗಿದು ಮುಗಿಸುವವರೆಗೆ ಬೇರೆ ಯಾರಿಗೂ ಕೊಡುತ್ತಿರಲಿಲ್ಲ.

ನಾನು ದೊಡ್ಡವನಾದ ಮೇಲೆ ಪ್ರತಿ ಆಟಿಯಲ್ಲೂ ಕೇಳುತ್ತಿದ್ದೆ. "ಅಮ್ಮ, ಈ ಸಲ ನಾನು ಹೋಗ್ತೇನೆ."

"ನಿನಗೆ ಗಡಿಬಿಡಿ ಮಗಾ. ಗೋಡೆಯಾದ್ರೆ ಬೀಳಿಸಿ ಪುನಃ ಕಟ್ಬಹುದು. ಹೊಟ್ಟೆಗೆ ಹೋದದ್ದನ್ನು ಏನು ಮಾಡ್ತಿ?"

ಊರಿನ ಎಲ್ಲ ಗಂಡಸರೂ ಹೋಗುವ ಕೆಲಸಕ್ಕೆ ನನ್ನನ್ನು ನನ್ನ ತಾಯಿ ನಂಬುವುದಿಲ್ಲ ಎಂಬುದು ನನಗೆ ತಲೆ ನರೆತ ಮೇಲೂ ಚುಚ್ಚುತ್ತಿತ್ತು.

ಅವಳಿಗೆ ಎಂಬತ್ತನಾಲ್ಕಾದಾಗ ಕಣ್ಣಿಗೆ ಪೊರೆ ಬಂತು, ಮೊಣಕಾಲು ಸೋತಿತು. ಆ ಆಟಿಯಲ್ಲಿ ಅವಳೇ ಕರೆದು, "ಇನ್ನು ನೀನು ಹೋಗು. ಬಳ್ಳಿ ಕಟ್ಟಲಿಕ್ಕೆ ಮರೀಬೇಡ" ಎಂದಳು.

ಮರೆಯಲಿಲ್ಲ. ಕಟ್ಟಲಿಲ್ಲ, ಅಷ್ಟೆ. ಹಿಂದಿನ ದಿನ ಸಿದ್ಧಕಟ್ಟೆಯಲ್ಲಿ ಒಂದು ಮನೆಯ ತಾರಸಿ ಹಾಕುವುದಿತ್ತು, ಮನೆಗೆ ಬರುವಾಗ ಬೆಳಕು ಹೋಗಿತ್ತು. ನಡೆಯಲು ಕಲಿತಂದಿನಿಂದ ನೋಡಿದ ಗುಡ್ಡ, ಬಳ್ಳಿ ಬೇಕಾಗುವುದು ಗುರುತು ಸಿಗದವರಿಗೆ ಎಂದುಕೊಂಡೆ. ಬೆಳಗಿನ ಜಾವ ಹೋಗಿ ತಡಕಿ, ಜಜ್ಜಿ ತಂದೆ. ಪಾಲೆಯಾದರೆ ತೊಗಟೆ ಕಿತ್ತಲ್ಲಿ ಹಾಲು ಬರುತ್ತದೆ, ಬೆರಳಿಗೆ ಅಂಟುತ್ತದೆ. ನನ್ನ ಬೆರಳು ಅಂಟಲಿಲ್ಲ. ಮಳೆನೀರಿಗೆ ತೊಳೆದು ಹೋಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಅಮ್ಮ ಏಳುವ ಮೊದಲೇ ತೊಗಟೆ ಅರೆದು, ರಸ ಹಿಂಡಿ, ಕಾಳುಮೆಣಸು ಬೆಳ್ಳುಳ್ಳಿ ಓಮ ಹಾಕಿ, ಕಾಯಿಸಿದ ಬೆಣಚುಕಲ್ಲನ್ನು ಅದಕ್ಕೆ ಇಳಿಸಿ ಎಲ್ಲ ತಯಾರು ಮಾಡಿಟ್ಟೆ. ಅವಳು ಯಾವಾಗಲೂ ಹಸಿ ತೊಗಟೆಯನ್ನು ಮೂಸಿ ನೋಡುವವಳು. ಅದಕ್ಕೂ ನಾನು ಅವಕಾಶ ಉಳಿಸಿರಲಿಲ್ಲ.

"ಬಳ್ಳಿ ಕಟ್ಟಿದ್ದೆಯಲ್ಲ?" ಎಂದು ಕೇಳಿದಳು.

"ಕಟ್ಟಿದ್ದೆ ಅಮ್ಮ."

ಅವಳು ಒಂದು ಲೋಟ ಕುಡಿದು, ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು. ತಂಗಿ ಫರಂಗಿಪೇಟೆಯಿಂದ ತನ್ನ ಮೂವರು ಮೊಮ್ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಮಕ್ಕಳು ಮೂಗು ಹಿಡಿದುಕೊಂಡು ಸಾಲಾಗಿ ನಿಂತಿದ್ದವು. ಮುತ್ತಜ್ಜಿಯನ್ನು ಅವು ಪಿಜ್ಜಿ ಎನ್ನುತ್ತಿದ್ದವು. "ಪಿಜ್ಜಿ, ಬೇಗ ಜಗಿಯಿರಿ. ಮೆಂತೆ ಗಂಜಿ ತಣ್ಣಗಾಗ್ತದೆ" ಎಂದು ದೊಡ್ಡವಳು ರಾಗ ಎಳೆದಳು.

"ನನಗೆ ಇರುವುದು ನಾಲ್ಕು ಹಲ್ಲು. ಅದರಲ್ಲಿ ಎಷ್ಟು ಬೇಗ ಆಗ್ತದೆ ಅಷ್ಟೇ" ಎಂದಳು ಅಮ್ಮ. ಮಕ್ಕಳು ನಕ್ಕವು. ನಾನು, "ಸಾಕು ಅಮ್ಮ, ಕೊಡುವ" ಎಂದು ಲೋಟಕ್ಕೆ ಬಗ್ಗಿಸಲು ಹೊರಟೆ. ಅವಳು ಕೈ ಅಡ್ಡ ಹಿಡಿದಳು. ಮತ್ತೂ ಸ್ವಲ್ಪ ಹೊತ್ತು ಜಗಿದಳು. ಆಮೇಲೆ ದವಡೆ ನಿಂತಿತು. ಕುತ್ತಿಗೆ ಹಿಂದಕ್ಕೆ ಎಳೆಯಿತು. ಮಾತು ಬರಲಿಲ್ಲ. ಕಾಲನ್ನು ಚಾಚಿ ಕಷಾಯದ ಪಾತ್ರೆಯನ್ನು ಒದ್ದಳು. ಅದೆಲ್ಲ ನೆಲದಲ್ಲಿ ಹರಿಯಿತು.

ಮೂಡುಬಿದಿರೆಯ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅವಳ ಮೈ ಬಿಲ್ಲಿನ ಹಾಗೆ ಬಾಗುತ್ತಿತ್ತು. ಬಾಗಿದ ಮೈಯನ್ನು ನಾನು ಹಿಡಿದಿದ್ದೆ, ಮನೆ ಕಟ್ಟುವ ನನ್ನ ಕೈಗೆ ಅದನ್ನು ನೆಟ್ಟಗೆ ಮಾಡಲು ಆಗಲಿಲ್ಲ. ಮೂರನೇ ದಿನ ಮಾತು ಬಂತು. ಡಾಕ್ಟರರು, ತಂಗಿ, ನೋಡಲು ಬಂದ ನೆರೆಯವರು ಎಲ್ಲರೂ ಇರುವಾಗ, ಯಾರೂ ಕೇಳುವ ಮೊದಲೇ ಅವಳು ಹೇಳಿದಳು: "ಬಳ್ಳಿ ಕಟ್ಟಿ ಬಂದದ್ದು ನಾನು. ಕೋಲು ಊರಿಕೊಂಡು ಹೋಗಿದ್ದೆ. ಕಣ್ಣು ಮಂಜು, ಮರ ತಪ್ಪಿತು. ಅವ ನಾನು ಕಟ್ಟಿದ ಮರದಿಂದ ತಂದ."

ತಂಗಿ ನನ್ನನ್ನು ನೋಡಿದಳು. ಆಗ ಒಂದು ಮಾತು ಸಾಕಿತ್ತು. ನಾನು ಫ್ಲಾಸ್ಕ್ ತೆಗೆದುಕೊಂಡು ಬಿಸಿನೀರು ತರಲು ಕೆಳಗೆ ಇಳಿದೆ.

ಅಮ್ಮ ಮತ್ತೆ ಎರಡು ವರ್ಷ ಬದುಕಿದಳು. ನಡೆಯಲು ಆಗಲಿಲ್ಲ, ಕೈ ನಡುಗುತ್ತಿತ್ತು. ಬೆಳಿಗ್ಗೆ ನಾನು ಎತ್ತಿ ಜಗಲಿಯಲ್ಲಿ ಕೂರಿಸಿ ಕೆಲಸಕ್ಕೆ ಹೋಗುತ್ತಿದ್ದೆ. ಅವಳು ಇಡೀ ದಿನ ಗೇಟಿನ ಕಡೆ ಮುಖ ಮಾಡಿ ಕೂರುತ್ತಿದ್ದಳು. ಮದ್ದಿಗೆಂದು ಒಬ್ಬರೂ ಬರಲಿಲ್ಲ. ಸೊಸೆಯ ಬಾಣಂತನಕ್ಕೆ ಅಮ್ಮನ ಮದ್ದೇ ಬೇಕು ಎಂದಿದ್ದ ಪಕ್ಕದ ಮನೆಯಾಕೆ, ನಮ್ಮ ಗೇಟಿನ ಎದುರೇ ಬೇರೆ ಹೆಂಗಸನ್ನು ರಿಕ್ಷಾದಲ್ಲಿ ಕರೆದುಕೊಂಡು ಹೋದಳು. ಅಮ್ಮ ಕೇಳಿದಳು, "ರಿಕ್ಷಾದಲ್ಲಿ ಯಾರು?" ನನ್ನ ಹೆಂಡತಿ "ನೆಂಟರು" ಎಂದಳು. ಅಮ್ಮನ ಕಣ್ಣು ಅಷ್ಟು ಮಂಜಾಗಿರಲಿಲ್ಲ.

ಒಂದು ಸಲ ನಾನು ಬಾಯಿ ತೆರೆದೆ. "ಅಮ್ಮ, ಆವತ್ತಿನದ್ದನ್ನು ಎಲ್ಲರಿಗೂ ಹೇಳಿಬಿಡ್ತೇನೆ."

"ಹೇಳಿ ನನ್ನ ಕಾಲು ಬರ್ತದಾ? ನಿನ್ನ ಹಿಂದೆ ಹತ್ತು ಜನ ಕೆಲಸಕ್ಕೆ ಬರ್ತಾರೆ. ನಿನ್ನ ಮಾತಿಗೆ ಬೆಲೆ ಬೇಕು" ಎಂದಳು. ಆಮೇಲೆ, "ಕಟ್ಟಿದ್ದೆ ಅಂತ ಯಾಕೆ ಹೇಳಿದೆ ಮಗಾ? ಇಲ್ಲ ಅಂತ ಹೇಳಿದ್ದರೆ ಚೆಲ್ಲಿ ಗಂಜಿ ಉಣ್ಣುತ್ತಿದ್ದೆವು" ಎಂದಳು. ಬೈಗುಳ ಅಲ್ಲ. ನಿಜಕ್ಕೂ ತಿಳಿಯದೆ ಕೇಳಿದ ಹಾಗಿತ್ತು. ನಾನು ಅವಳನ್ನು ಎತ್ತಿ ಒಳಗೆ ಮಲಗಿಸಿದೆ. ಎಲ್ಲರಿಗೂ ಹೇಳುವುದನ್ನು ಅವಳ ಮಾತಿನ ನೆಪದಲ್ಲಿ ಮುಂದೂಡಿದೆ. ಅದು ಅವಳಿಗಾಗಿ ಅಲ್ಲ.

ಅಮ್ಮ ಸತ್ತ ಹದಿಮೂರನೇ ದಿನದ ಬೊಜ್ಜಕ್ಕೆ ಮುನ್ನೂರು ಜನ ಬಂದಿದ್ದರು. ಊಟದ ಪಂಕ್ತಿಯಲ್ಲಿ ದೊಡ್ಡಪ್ಪನ ಮಗ, "ಚಿಕ್ಕಮ್ಮ ದೊಡ್ಡ ಜೀವ. ಕೊನೆಗೆ ಆ ಒಂದು ಮರ ತಪ್ಪಿದ್ದು ಬಿಟ್ಟರೆ" ಎಂದ. ಎದುರು ಕೂತವರು ತಲೆಯಾಡಿಸಿದರು. ನಾನು ಸಾರಿನ ಬಕೆಟ್ ಕೆಳಗಿಟ್ಟೆ.

"ಅಮ್ಮ ಮರ ತಪ್ಪಲಿಲ್ಲ. ಅವಳು ಗುಡ್ಡಕ್ಕೆ ಹೋಗಲೇ ಇಲ್ಲ. ಬಳ್ಳಿ ಕಟ್ಟದೆ ಕತ್ತಲೆಯಲ್ಲಿ ತಂದದ್ದು ನಾನು. ಕಟ್ಟಿದ್ದೇನೆ ಅಂತ ಸುಳ್ಳು ಹೇಳಿ ಕುಡಿಸಿದ್ದೂ ನಾನು."

ಪಕ್ಕದ ಮನೆಯಾಕೆ ಸೆರಗಿನಿಂದ ಕಣ್ಣೊರೆಸಿ, "ನೋಡಿ, ತಾಯಿಯ ಹೆಸರು ಉಳಿಸ್ಲಿಕ್ಕೆ ತಪ್ಪು ತನ್ನ ಮೇಲೆ ಹಾಕಿಕೊಳ್ತಾನೆ. ಮಗ ಅಂದ್ರೆ ಹೀಗಿರಬೇಕು" ಎಂದಳು.

"ಅಲ್ಲ, ಸತ್ಯ ಹೇಳ್ತಿದ್ದೇನೆ" ಎಂದೆ. ದನಿ ಏರಿತು.

"ಆಯ್ತು ಮಾರಾಯ, ಸಮಾಧಾನ ಮಾಡಿಕೋ" ಎಂದು ದೊಡ್ಡಪ್ಪನ ಮಗ ನನ್ನ ಬೆನ್ನು ಸವರಿದ. ಯಾರೋ ಬಕೆಟ್ ಎತ್ತಿಕೊಂಡು ಬಡಿಸುತ್ತಾ ಮುಂದೆ ಹೋದರು. ತಂಗಿ ಮಾತ್ರ ಅಡುಗೆಯ ಚಪ್ಪರದ ಕಂಬಕ್ಕೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳು ನಂಬಿದಳು. ಆ ದಿನದಿಂದ ಅವಳು ನಮ್ಮ ಮನೆಗೆ ಬಂದಿಲ್ಲ.