ಗುಲಾಬಿ ಶೆಡ್ತಿಯ ಗ್ಯಾಸ್ಕೆಟ್

ಮಂಗಳೂರಿನ ನಾಗುರಿಯ ಗುಲಾಬಿ ಶೆಡ್ತಿಗೆ ಒಂದು ಚಟವಿತ್ತು. ಯಾವ ವಸ್ತು ಕೈಗೆ ಬಂದರೂ ಅದರ ಒಳಗೆ ಏನಿದೆ ಎಂದು ನೋಡದೆ ಬಿಡುವವಳಲ್ಲ. ಮದುವೆಯಾಗಿ ಬಂದ ವರ್ಷವೇ ಗಂಡನ ಮನೆಯ ಗೋಡೆ ಗಡಿಯಾರವನ್ನು ಬಿಚ್ಚಿ ಮೊರದ ತುಂಬ ಹರಡಿ, ಅತ್ತೆ ಬಾಯಿ ಬಾಯಿ ಬಡಿದುಕೊಂಡು ಊರು ಸೇರಿಸುವಷ್ಟರಲ್ಲಿ ಪುನಃ ಜೋಡಿಸಿ ಗೋಡೆಗೆ ಹಾಕಿದ್ದಳು. ಗಡಿಯಾರವೇನೋ ನಡೆಯಿತು. ಒಂದು ಸಣ್ಣ ತಿರುಪು ಮೊರದಲ್ಲೇ ಉಳಿದದ್ದನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ.

ಇಂಥವಳ ಅಂಗಳಕ್ಕೆ ಎಪ್ಪತ್ತೊಂಬತ್ತರ ಬೇಸಗೆಯಲ್ಲಿ ಒಂದು ಮರದ ಕಾರು ಬಂತು. ಹೌದು, ಮರದ್ದೇ! ಜರ್ಮನಿಯ ಡಿ.ಕೆ.ಡಬ್ಲ್ಯೂ., ಎರಡನೇ ಮಹಾಯುದ್ಧಕ್ಕೂ ಮೊದಲಿನದು. ಪ್ಲೈವುಡ್ಡಿನ ಮೈ, ಅದರ ಮೇಲೆ ರೆಕ್ಸಿನ್ ಹೊದಿಕೆ, ಎದುರಿನ ಚಕ್ರಗಳನ್ನು ತಿರುಗಿಸುವ ಎರಡು ಸಿಲಿಂಡರಿನ ಪುಟ್ಟ ಎಂಜಿನ್. ಜೆಪ್ಪುವಿನ ಬೊನಿಫಾಸ್ ಎಂಬ ಮುದುಕರ ಶೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ಕೋಳಿಗಳು ಅದರಲ್ಲಿ ಸಂಸಾರ ಮಾಡುತ್ತಿದ್ದವು. ಶೆಡ್ ಖಾಲಿಯಾದರೆ ಸಾಕಪ್ಪಾ ಎಂದು ಮುದುಕರು ಕೈಮುಗಿದರು, ಗುಲಾಬಿಯ ಗಂಡ ನಿತ್ಯಾನಂದ ಶೆಟ್ಟಿ ಕಾರನ್ನು ಲಾರಿಗೆ ಕಟ್ಟಿಸಿ ಎಳೆದುಕೊಂಡು ಬಂದ.

ನಿತ್ಯಾನಂದ ಪಣಂಬೂರು ಬಂದರಿನಲ್ಲಿ ಫಿಟ್ಟರ್. ಹಡಗು ಎಳೆಯುವ ಟಗ್ ದೋಣಿಗಳ ಪಂಪು, ಶಾಫ್ಟು ಬಿಚ್ಚಿ ಜೋಡಿಸುವ ಕೆಲಸ. ಅಂಥ ದೊಡ್ಡ ದೊಡ್ಡ ಯಂತ್ರಗಳ ಕಿವಿ ಹಿಂಡಿದವನಿಗೆ ಈ ಆಟಿಕೆ ಯಾವ ಲೆಕ್ಕ ಎಂದು ಅವನ ಜಂಬ. ಮನೆಮಂದಿಯನ್ನೆಲ್ಲ ಕೆಲಸಕ್ಕೆ ಹಚ್ಚಿದ. ಪಂಪ್‌ವೆಲ್‌ನಲ್ಲಿ ಸಣ್ಣ ಹೋಟೆಲು ಇಟ್ಟಿದ್ದ ತಮ್ಮ ಮಹಾಬಲ ಮಧ್ಯಾಹ್ನದ ಗಿರಾಕಿ ಮುಗಿದ ಮೇಲೆ ಬಂದು, ಗೆದ್ದಲು ತಿಂದ ಹಲಗೆ ಕಿತ್ತು ಹೊಸದು ಕೂರಿಸಿದ. ತಂಗಿ ಶಶಿಪ್ರಭಾ ತನ್ನ ಹೊಲಿಗೆ ಮೆಷಿನ್ನಿನಲ್ಲಿ ರೆಕ್ಸಿನ್ ಹೊಲಿದಳು, ಹೊಲಿದು ಐದು ಸೂಜಿ ಮುರಿದು, ಅಣ್ಣನಿಗೆ ಬಾಯಿತುಂಬ ಬೈದಳು.

ಗುಲಾಬಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಅವಳಿಗೆ ಬೀಡಿ ಕಟ್ಟುವ ಕೆಲಸವಿತ್ತಲ್ಲ. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತರೆ ಕಾರು ಸೀದಾ ಎದುರಿಗೆ. ಕೈ ತನ್ನ ಪಾಡಿಗೆ ಎಲೆ ಕತ್ತರಿಸುತ್ತಿತ್ತು, ಕಣ್ಣು ಎಂಜಿನ್ನಿನ ಹೊಟ್ಟೆಯೊಳಗೆ.

"ಇದಕ್ಕೆ ವಾಲ್ವೇ ಇಲ್ಲ ಅಂತ ನಿನ್ನೆ ಹೇಳಿದ್ರಲ್ಲ, ಮತ್ತೆ ಬಾಗಿಲು ತೆಗೆಯುವುದು ಯಾರು?" ಎಂದು ಒಂದು ದಿನ ಕೇಳಿದಳು.

"ಪಿಸ್ಟನೇ," ಎಂದ ನಿತ್ಯಾನಂದ. "ಅದು ಮೇಲೆ ಹೋಗುವಾಗ ಕೆಳಗಿನ ಹೊಟ್ಟೆಗೆ ಗಾಳಿ, ಪೆಟ್ರೋಲು ಎಳ್ಕೊಳ್ತದೆ. ಕೆಳಗೆ ಬರುವಾಗ ಅದನ್ನೇ ಒತ್ತಿ ಮೇಲಕ್ಕೆ ಕಳಿಸ್ತದೆ. ಟೂ ಸ್ಟ್ರೋಕ್ ಅಂದ್ರೆ ಹಾಗೆ."

"ಕಮ್ಮಾರನ ತಿದಿಯ ಹಾಗೆ?"

"ಹಾಂ, ಹಾಗೇ ಅಂತ ಇಟ್ಕೊ."

"ತಿದಿ ತೂತಾದ್ರೆ?"

"ತೂತಾದ್ರೆ ಎಂತ, ಊದುವುದಿಲ್ಲ. ನೀನು ಬೀಡಿ ಕಟ್ಟು ಮಾರಾಯ್ತಿ!"

ಆ ಹೊಟ್ಟೆ ಎರಡು ಹೋಳು. ಹೋಳುಗಳು ಕೂಡುವಲ್ಲಿ ಗಾಳಿ ಸೋರದಂತೆ ನಡುವೆ ಇಡುವ ದಪ್ಪ ಕಾಗದಕ್ಕೆ ಗ್ಯಾಸ್ಕೆಟ್ ಎನ್ನುತ್ತಾರೆ. ಈ ಕಾರಿನದ್ದು ಮಂಗಳೂರಿನಲ್ಲಿ ಬಿಡಿ, ಬೊಂಬಾಯಿಯಲ್ಲೂ ಸಿಗಲಿಲ್ಲ. ಕಂಕನಾಡಿಯಲ್ಲಿ ಗ್ಯಾರೇಜು ಇಟ್ಟ ಲಿಗೋರಿ ಕಾಗದದ ಹಾಳೆ ಕೊಟ್ಟು, ಕತ್ತರಿಸಿಕೊಳ್ಳಿ ಶೆಟ್ರೇ ಎಂದ. ಶೆಟ್ಟರು ಕತ್ತರಿಸಿದರು. ಒಂದು ಹಾಳೆ ಓರೆಯಾಯಿತು, ಇನ್ನೊಂದು ಹರಿಯಿತು. ಮೂರನೆಯದಕ್ಕೆ ಕೈಹಾಕುವ ಮೊದಲು ಗುಲಾಬಿ ಮೊರ ಕೆಳಗಿಟ್ಟು ಎದ್ದು ಬಂದಳು.

ಬೀಡಿ ಎಲೆಯನ್ನು ಕತ್ತರಿಸುವುದು ಕಣ್ಣಂದಾಜಿನಲ್ಲಿ ಅಲ್ಲ. ತಗಡಿನ ಅಚ್ಚನ್ನು ಎಲೆಯ ಮೇಲಿಟ್ಟು, ಅದರ ಅಂಚಿಗೆ ಕತ್ತರಿ ತಾಗಿಸಿಕೊಂಡೇ ಹೋಗಬೇಕು. ಗುಲಾಬಿ ಗಂಡನ ಪೆನ್ಸಿಲ್ ಗೆರೆಯನ್ನು ನಂಬಲಿಲ್ಲ. ಹಳೆಯ ಡಬ್ಬದ ತಗಡನ್ನು ಎಂಜಿನ್ನಿನ ಹೋಳಿಗೆ ಒತ್ತಿ ಗುರುತು ಮಾಡಿ, ಎರಡು ದಿನ ತಿಕ್ಕಿ ತಿಕ್ಕಿ ಅಚ್ಚು ಮಾಡಿಕೊಂಡಳು. ಆಮೇಲೆ ಬೀಡಿಯ ಕತ್ತರಿಯಲ್ಲೇ ಗ್ಯಾಸ್ಕೆಟ್ ಕತ್ತರಿಸಿದಳು. ಬೋಲ್ಟಿನ ಹನ್ನೆರಡು ತೂತುಗಳಲ್ಲಿ ಒಂದೂ ಕೂದಲೆಳೆಯಷ್ಟು ಆಚೀಚೆ ಇರಲಿಲ್ಲ. ಶಶಿಪ್ರಭಾ ಬಾಯಿಬಿಟ್ಟು ನೋಡಿದಳು. ಗುಲಾಬಿಗೆ ಎಷ್ಟು ಖುಷಿಯಾಯಿತೆಂದರೆ ಅವತ್ತು ಬೀಡಿಯ ಲೆಕ್ಕದಲ್ಲಿ ನೂರು ಕಡಿಮೆ ಬಿತ್ತು.

ಎಂಜಿನ್ ಜೋಡಿಸಿದರು. ಬ್ಯಾಟರಿ ಕಟ್ಟಿ ಗುಂಡಿ ಒತ್ತಿದರು. ಎಂಜಿನ್ ತಿರುಗಿತು, ತಿರುಗಿತು, ಕೆಮ್ಮಿತು, ಅಷ್ಟೇ. ಕಾರ್ಬೊರೇಟರ್ ತೊಳೆದರು, ಪ್ಲಗ್ ಉಜ್ಜಿದರು, ಇಡೀ ಆಷಾಢ ಹಾಗೇ ಕಳೆಯಿತು. ಹೊಟ್ಟೆಯಲ್ಲಿ ಗಾಳಿ ನಿಲ್ಲುತ್ತಿಲ್ಲ ಎಂಬಲ್ಲಿಗೆ ನಿತ್ಯಾನಂದ ಬಂದು ಮುಟ್ಟಿದ, ಮತ್ತು ಅದಕ್ಕೆ ಕಾರಣವನ್ನೂ ಕಂಡುಹಿಡಿದ. "ಗ್ಯಾಸ್ಕೆಟ್ ಸರಿ ಇಲ್ಲ. ಬೀಡಿ ಕಟ್ಟುವವರ ಹತ್ರ ಎಂಜಿನ್ ಕೆಲಸ ಮಾಡಿಸಿದ್ರೆ ಇಷ್ಟೇ."

ಮನೆಯಲ್ಲಿ ಹೇಳಿದ್ದರೆ ಅವಳು ನಾಲ್ಕು ಮಾತು ತಿರುಗಿಸಿ ಬೈದು ಸುಮ್ಮನಾಗುತ್ತಿದ್ದಳು. ಈ ಪುಣ್ಯಾತ್ಮ ಮೊದಲು ಲಿಗೋರಿಯ ಗ್ಯಾರೇಜಿನಲ್ಲಿ, ಆಮೇಲೆ ತಮ್ಮನ ಹೋಟೆಲಿನಲ್ಲಿ ಹೇಳಿದ, ಹತ್ತು ಜನ ಚಾ ಕುಡಿಯುತ್ತಿದ್ದಾಗ! ಆ ಹತ್ತರಲ್ಲಿ ಒಬ್ಬ ನಾಗುರಿಯ ಬೀಡಿ ಬ್ರಾಂಚಿನ ಯಾಹ್ಯಾ. ಹೆಂಗಸರು ಕಟ್ಟಿ ತಂದ ಬೀಡಿಯನ್ನು ನೋಡಿ, ಸರಿ ಇಲ್ಲದ್ದನ್ನು ಮುರಿದು ಎಸೆಯುವ ಅಧಿಕಾರ ಅವನದು.

ಮರುದಿನ ಬ್ರಾಂಚಿನಲ್ಲಿ ಮೂವತ್ತು ಹೆಂಗಸರ ಸಾಲಿನ ಎದುರು ಅವನು ಕೇಳಿದ, "ಎಂತ ಗುಲಾಬಿಯಕ್ಕ, ನಿಮ್ಮ ಕತ್ತರಿಯಲ್ಲಿ ಗಾಳಿ ಹೋಗ್ತದಂತಲ್ಲ?"

ಸಾಲು ಗೊಳ್ಳೆಂದಿತು. ಯಾಹ್ಯಾ ಅಷ್ಟಕ್ಕೇ ಬಿಡಲಿಲ್ಲ. ಹದಿನೈದು ವರ್ಷದಿಂದ ಅವಳ ಕಟ್ಟನ್ನು ಬಿಚ್ಚದೆ ಎಣಿಸಿಕೊಳ್ಳುತ್ತಿದ್ದವನು ಅವತ್ತು ಒಂದೊಂದೇ ಕಟ್ಟು ಬಿಚ್ಚಿ, ಒಂದೊಂದೇ ಬೀಡಿಯನ್ನು ಬೆಳಕಿಗೆ ಹಿಡಿದು ನೋಡಿದ. ಮುರಿಯಲು ಒಂದೂ ಸಿಗಲಿಲ್ಲ. ಆದರೂ ಮರುದಿನವೂ ಬಿಚ್ಚಿದ, ಅದರ ಮರುದಿನವೂ ಬಿಚ್ಚಿದ. ಗುಲಾಬಿಗೆ ಅವಮಾನದಿಂದ ಮೈಯೆಲ್ಲ ಉರಿಯಿತು. ಮನೆಗೆ ಬಂದು ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಅತ್ತಳು. ಅವಳಿಗೆ ಆಸ್ತಿ ಅಂತ ಇದ್ದದ್ದು ಆ ಕೈಯ ಹೆಸರೊಂದೇ.

ಅತ್ತು ಮುಗಿದ ಮೇಲೆ ಮುಖ ತೊಳೆದಳು. ತೊಳೆಯುವಾಗ ಹಳೆಯ ಚಟ ಎದ್ದು ಕೂತಿತು. ಗಾಳಿ ಸೋರುವುದಂತೂ ನಿಜ. ಸೋರುವುದು ಎಲ್ಲಿಂದ?

ಭಾನುವಾರ ಮಧ್ಯಾಹ್ನ ಅಣ್ಣ, ತಮ್ಮ, ತಂಗಿ ಮೂವರೂ ಕಾರಿನ ಸುತ್ತ ಇದ್ದಾಗ ಅವಳು ಕೇಳಿದಳು. "ಗ್ಯಾಸ್ಕೆಟಿನಿಂದಲೇ ಹೋಗುವುದು ಅಂತ ನೀವು ನೋಡಿದ್ದೀರಾ?"

"ಗಾಳಿ ಕಣ್ಣಿಗೆ ಕಾಣ್ತದಾ ನೋಡ್ಲಿಕ್ಕೆ?" ಎಂದ ನಿತ್ಯಾನಂದ.

"ಕಾಣುವ ಹಾಗೆ ಮಾಡುವ. ಕಾರ್ಬೊರೇಟರ್ ತೆಗೀರಿ. ಪಿಸ್ಟನ್ ಮೇಲೆ ತಂದು ನಿಲ್ಲಿಸಿ, ಆಗ ಹೊಟ್ಟೆಗೆ ದಾರಿ ತೆರೆದಿರ್ತದೆ ಅಂತ ನೀವೇ ಹೇಳಿದ್ದು."

ಏನು ಮಾಡುತ್ತಾಳೆ ಎಂಬ ಕುತೂಹಲಕ್ಕೆ ಅವನು ಹಾಗೇ ಮಾಡಿದ. ಗುಲಾಬಿ ಕಾರ್ಬೊರೇಟರ್ ಕೂರುವ ತೂತಿಗೆ ರಬ್ಬರ್ ನಳಿಗೆ ಸಿಕ್ಕಿಸಿ, ಸುತ್ತ ಬಟ್ಟೆ ತುರುಕಿದಳು. ಮೊರದಿಂದ ಒಂದು ಬೀಡಿ ಎತ್ತಿ ಬಾಯಿಗಿಟ್ಟು ಕಡ್ಡಿ ಗೀರಿದಳು.

ಗಂಡನ ಎದುರು, ಮೈದುನನ ಎದುರು, ಹಗಲು ಹೊತ್ತಿನಲ್ಲಿ, ಮಾನವಂತರ ಮನೆಯ ಸೊಸೆ! ಲಕ್ಷಗಟ್ಟಲೆ ಬೀಡಿ ಕಟ್ಟಿದ್ದಳು ನಿಜ, ಒಂದನ್ನೂ ಸೇದಿದವಳಲ್ಲ.

"ಅತ್ತಿಗೆ, ಇಲ್ಲಿ ಕೊಡಿ, ನಾನು ಎಳೀತೇನೆ," ಎಂದು ಮಹಾಬಲ ಕೈಚಾಚಿದ.

"ಬೇಡ. ನಾಳೆ ನೀವು ಊದಿದ್ದು ಸರಿ ಆಗ್ಲಿಲ್ಲ ಅಂತ ಇನ್ನೊಂದು ಮಾತು ಬರುವುದು ಬೇಡ."

ಎಳೆದಳು, ಕೆಮ್ಮಿದಳು, ಕಣ್ಣಲ್ಲಿ ನೀರು ಬಂತು. ಪುನಃ ಎಳೆದು ನಳಿಗೆಗೆ ಬಾಯಿಟ್ಟು ಊದಿದಳು. ಎರಡು ಬೀಡಿ ಮುಗಿಯಿತು. ಮೂರನೆಯದು ಅರ್ಧವಾದಾಗ ಶಶಿಪ್ರಭಾ ಕಿರುಚಿದಳು, "ಬಂತು! ಅತ್ತಿಗೆ, ಅಗಾ ಅಲ್ಲಿ!"

ಹೊಗೆ ಬಂದದ್ದು ಗ್ಯಾಸ್ಕೆಟಿನ ಅಂಚಿನಿಂದಲ್ಲ. ಶಾಫ್ಟು ಹೊರಗೆ ಬರುವ ಜಾಗದಲ್ಲಿ, ನಿತ್ಯಾನಂದ ಸ್ವಂತ ಕೈಯಾರೆ ಬಡಿದು ಕೂರಿಸಿದ ರಬ್ಬರ್ ಸೀಲಿನ, ಸೋರದಂತೆ ತಡೆಯುವ ಬಳೆಯ ಸುತ್ತ, ನೂಲಿನಂತೆ ಎದ್ದು ಮೇಲೆ ಹೋಗುತ್ತಿತ್ತು. ಅವನು ಬಗ್ಗಿ ನೋಡಿದ. ಇನ್ನೊಮ್ಮೆ ನೋಡಿದ. ಆಮೇಲೆ ಕಾರಿನ ಮೆಟ್ಟಿಲ ಮೇಲೆ ಕೂತುಬಿಟ್ಟ.

"ತಿರುಗಾಮುರುಗಾ ಹಾಕಿದ್ದೇನೆ," ಎಂದ. ಬಂದರಿನಲ್ಲಿ ಅವನ ಕೈಗೆ ಹತ್ತಿದ ಅಭ್ಯಾಸ ಹೊರಗಿನ ಸಮುದ್ರ ಒಳಗೆ ಬರದ ಹಾಗೆ ಮಾಡುವುದು, ಹಾಗಾಗಿ ಸೀಲಿನ ತುಟಿ, ಒತ್ತಿ ತಡೆಯುವ ಅಂಚು, ಹೊರಮುಖ. ಈ ಎಂಜಿನ್ನಿನಲ್ಲಿ ಕಾಯಬೇಕಾದದ್ದು ಒಳಗಿನ ಗಾಳಿಯನ್ನು. ಇಡೀ ಮಂಗಳೂರಿನಲ್ಲಿ ಈ ತಪ್ಪು ಮಾಡಲು ಬಂದರಿನ ಫಿಟ್ಟರೇ ಬೇಕು.

ಗುಲಾಬಿ ಬೀಡಿಯನ್ನು ನೆಲಕ್ಕೆ ಒತ್ತಿ ನಂದಿಸಿದಳು. "ಗ್ಯಾಸ್ಕೆಟ್?"

"ಸರಿ ಉಂಟು."

"ಹೋಟೆಲಿನಲ್ಲಿ ಹೇಳಿದ್ದು ಇಷ್ಟು ಮೆಲ್ಲಗೆ ಅಲ್ಲವಲ್ಲ."

ಅವನು ಸ್ಪ್ಯಾನರ್ ಹುಡುಕತೊಡಗಿದ. ಪಾಪ, ಕೆಟ್ಟವನಲ್ಲ, ಬಾಯಿ ಮಾತ್ರ ಉದ್ದ. ಆ ವಾರವಿಡೀ ಬಂದರಿನಿಂದ ಬಂದವನೇ ಬಟ್ಟೆ ಬದಲಾಯಿಸದೆ ಎಂಜಿನ್ನಿಗೆ ಕೂತ. ಸೀಲು ತೆಗೆದ, ಹೊಸದನ್ನು ಸರಿಮುಖ ಮಾಡಿ ಕೂರಿಸಿದ. ಮುಂದಿನ ಭಾನುವಾರ ಗುಂಡಿ ಒತ್ತಿದಾಗ ಎಂಜಿನ್ ಒಮ್ಮೆ ಸೀನಿ, ನೀಲಿ ಹೊಗೆ ಉಗುಳಿ, ಟಣ್ ಟಣ್ ಟಣ್ ಎಂದು ಹಿಡಿಯಿತು. ಶಶಿಪ್ರಭಾ ಕುಣಿದಳು. ಮಹಾಬಲ, "ಪಣಂಬೂರು ಬೀಚಿಗೆ ಒಂದು ರೌಂಡ್ ಹೋಗುವ ಅಣ್ಣ!" ಎಂದ.

"ಬೀಚಿಗೆ ಆಮೇಲೆ," ಎಂದಳು ಗುಲಾಬಿ. "ಮೊದಲು ಎಲ್ಲೆಲ್ಲಿ ಹೇಳಿದ್ದೀರಿ, ಅಲ್ಲಲ್ಲಿಗೆ."

ಹಾಗೆ ಡಿ.ಕೆ.ಡಬ್ಲ್ಯೂ.ವಿನ ಮೊದಲ ಸವಾರಿ ಸೋಮವಾರ ಬೆಳಿಗ್ಗೆ ಹೊರಟಿತು. ಗಂಡ ಸ್ಟಿಯರಿಂಗಿನಲ್ಲಿ, ಪಕ್ಕದಲ್ಲಿ ಬೀಡಿ ಕಟ್ಟುಗಳ ಮೊರವನ್ನು ತೊಡೆಯ ಮೇಲಿಟ್ಟುಕೊಂಡ ಹೆಂಡತಿ. ಲಿಗೋರಿಯ ಗ್ಯಾರೇಜಿನಲ್ಲಿ ನಿತ್ಯಾನಂದ ಎಂಜಿನ್ ಆರಿಸದೆ ಕಿಟಕಿಯಿಂದಲೇ ತಪ್ಪು ತನ್ನದೇ ಎಂದು ಕೂಗಿ ಹೇಳಿದ. ಪಂಪ್‌ವೆಲ್‌ನ ಹೋಟೆಲಿನಲ್ಲೂ ಹಾಗೇ. ಆರಿಸಿದರೆ ಪುನಃ ಹಿಡಿಯದಿದ್ದರೆ ಎಂದು ಅವನಿಗೆ ಒಳಗೊಳಗೇ ಪುಕಪುಕ.

ಬ್ರಾಂಚಿನ ಎದುರು ಕಾರು ನಿಂತಾಗ ಹೆಂಗಸರೆಲ್ಲ ಸಾಲು ಬಿಟ್ಟು ಹೊರಗೆ ಬಂದರು. ಯಾಹ್ಯಾನೂ ಬಂದ. ನಿತ್ಯಾನಂದ ಕಿಟಕಿಯಿಂದ ಏನೋ ಕೂಗಿದ, ಟಣ್ ಟಣ್ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

"ಬಂದ್ ಮಾಡಿ," ಎಂದಳು ಗುಲಾಬಿ.

"ಇಲ್ಲಿ ಬೇಡ ಮಾರಾಯ್ತಿ. ಇಷ್ಟು ಜನರ ಎದುರು ಹಿಡೀದಿದ್ರೆ?"

"ನನ್ನನ್ನು ನಗೆಯಾಡಿದ್ದು ಇಷ್ಟೇ ಜನರ ಎದುರು. ಬಂದ್ ಮಾಡಿ."

ಅವನು ಎಂಜಿನ್ ಆರಿಸಿದ. ಕೆಳಗಿಳಿದು, ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದ. "ತಪ್ಪು ನನ್ನದು. ಸೀಲು ನಾನು ಉಲ್ಟಾ ಹಾಕಿದ್ದು. ಇವಳು ಕತ್ತರಿಸಿದ್ದರಲ್ಲಿ ಒಂದು ಚೂರೂ ಕುಂದು ಇಲ್ಲ."

ಯಾರೂ ನಗಲಿಲ್ಲ. ಯಾಹ್ಯಾ ಮಾತ್ರ ಸೋಲೊಪ್ಪಲಿಲ್ಲ. "ಹಾಗಾದ್ರೆ ಈಗ ಸ್ಟಾರ್ಟ್ ಆಗ್ಲಿ ನೋಡುವ, ಶೆಟ್ರೇ."

ನಿತ್ಯಾನಂದನ ಮುಖ ಸಣ್ಣದಾಯಿತು. ಗುಲಾಬಿ ಕೂತಲ್ಲಿಂದಲೇ ಬಗ್ಗಿ ಗುಂಡಿ ಒತ್ತಿದಳು. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಅವಳು ಇಳಿದು, ಸೆರಗು ಸರಿಮಾಡಿಕೊಂಡು, ಮೊರವನ್ನು ಒಯ್ದು ಯಾಹ್ಯಾನ ಮೇಜಿನ ಮೇಲಿಟ್ಟಳು.

"ಬಿಚ್ಚಿ ನೋಡ್ತೀರಾ ಯಾಹ್ಯಾ ಕಾಕ, ಅಲ್ಲ ಹಾಗೇ ಎಣಿಸ್ತೀರಾ?"

ಯಾಹ್ಯಾ ಕಟ್ಟಿನ ನೂಲು ಮುಟ್ಟದೆ ಎಣಿಸಿದ.